ಏನಿಲ್ಲ, ಏನೋ ಅದ

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕಾಗಿ ಇವತ್ತಿನವರೆಗೂ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ರಾಯಚೂರಿನ ಹೊರಗಿದ್ದ ಸರ್ಕಾರಿ ಹತ್ತಿ ಫಾರಂನಲ್ಲಿ ಮೊದಲು ದಿನಗೂಲಿಯಾಗಿದ್ದೆ, ಆಮೇಲೆ ಕಾಯಂ ಆದೆ. ನಾನು ಹೊಡೆದ ಸಾಲಿಗೆ ಹಗ್ಗ ಹಿಡಿದು ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಆ ಫಾರಂಗೆ ಮೈಸೂರು ಕಡೆಯ ಒಬ್ಬ ಅಧಿಕಾರಿ ಬಂದರು. ಬೆಳೆದ ಹತ್ತಿ ಏನು ಹೇಳುತ್ತಿದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ನಾವು ಅವರನ್ನು ಲೆಕ್ಕದ ಸಾಹೇಬರು ಎನ್ನುತ್ತಿದ್ದೆವು. ಹೊಲವನ್ನು ಸಣ್ಣ ಸಣ್ಣ ತುಂಡು ಮಾಡಿಸಿ, ಯಾವ ತುಂಡಿಗೆ ಹೊಸ ಗೊಬ್ಬರ, ಯಾವುದಕ್ಕೆ ಹಳೆಯದು ಎಂಬುದನ್ನು ಚೀಟಿ ಎತ್ತಿಸಿ ಗೊತ್ತು ಮಾಡುತ್ತಿದ್ದರು. ದೇವರ ಮುಂದೆ ಚೀಟಿ ಎತ್ತುವುದನ್ನು ನೋಡಿದ್ದೆ. ಗೊಬ್ಬರಕ್ಕೆ ಚೀಟಿ ಎತ್ತುವುದನ್ನು ನೋಡಿದ್ದು ಅಲ್ಲೇ.

ಒಂದು ದಿನ ತರಬೇತಿಗೆ ಬಂದಿದ್ದವರನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಅವರು ಕೇಳಿದರು, "ಈ ತುಂಡಿನ ಗಿಡ ಎತ್ತರ ಬಂದಿದೆ. ಯಾಕೆ?"

"ಹೊಸ ಗೊಬ್ಬರ ಸಾರ್" ಎಂದರು ಎಲ್ಲರೂ.

"ಅಷ್ಟು ಬೇಗ ಬೇಡ. ಗೊಬ್ಬರದಿಂದ ಏನೂ ಆಗಿಲ್ಲ ಅಂತ ಮೊದಲು ಹಿಡೀರಿ. ಎತ್ತರ ಬಂದದ್ದು ಅಕಸ್ಮಾತ್ತು ಅಂತ ಹಿಡೀರಿ."

ಅಳತೆಯ ಹಗ್ಗ ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಅಲ್ರೀ ಸಾಹೇಬ್ರ, ಬೆನ್ನ ಮ್ಯಾಲ ಹೊತ್ತು ಹಾಕಿದಾಂವ ನಾನು. ಏನೂ ಆಗಿಲ್ಲ ಅಂತ ಹೆಂಗ ಹಿಡೀಲಿ? ನಮ್ಮಪ್ಪ ಇದ್ದಿದ್ರ ಬಾರಕೋಲ ತಗೋತಿದ್ದ."

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, "ಅದಕ್ಕೇ ಹಾಗೆ ಹಿಡೀಬೇಕು. ಹೊತ್ತವನ ಕಣ್ಣಿಗೆ ಆಗಿದೆ ಅಂತಲೇ ಕಾಣುತ್ತೆ" ಎಂದರು.

ಆ ಮೊದಲ ಮಾತಿಗೆ ಪುಸ್ತಕದಲ್ಲಿ ಶೂನ್ಯ ಕಲ್ಪನೆ ಎಂದು ಹೆಸರಿತ್ತು, ಅದರ ಎದುರಿನದಕ್ಕೆ ಪರ್ಯಾಯ ಕಲ್ಪನೆ ಎಂದು. ನನ್ನ ನಾಲಿಗೆಗೆ ಅವು ಹೊರಳಲಿಲ್ಲ. ಒಂದಕ್ಕೆ 'ಏನಿಲ್ಲ' ಎಂದೆ, ಇನ್ನೊಂದಕ್ಕೆ 'ಏನೋ ಅದ' ಎಂದೆ. ಸಾಹೇಬರಿಗೆ ಇಷ್ಟವಾಗಿ ತಾವೂ ಹಾಗೆಯೇ ಹೇಳತೊಡಗಿದರು. "ಏನಿಲ್ಲವನ್ನು ಕಟ್ಟೆಯ ಮೇಲೆ ಕೂರಿಸು. ಕಂಡದ್ದು ಅದನ್ನು ಇಳಿಸುವಷ್ಟು ಗಟ್ಟಿ ಇದ್ದರೆ ಇಳಿಸು, ಇಲ್ಲದಿದ್ದರೆ ಅಲ್ಲೇ ಇರಲಿ. ಅಲ್ಲೇ ಉಳೀತು ಅಂದರೆ ಅದು ನಿಜ ಅಂತ ಅಲ್ಲ. ಇಳಿಸೋಕೆ ಆಗಲಿಲ್ಲ, ಅಷ್ಟೇ." ಕಳವು ರುಜುವಾಗುವ ತನಕ ಆರೋಪ ಹೊತ್ತವನನ್ನು ಕೋರ್ಟು ಹೇಗೆ ನೋಡುತ್ತದೋ ಹಾಗೆ ಗೊಬ್ಬರವನ್ನು ನೋಡಬೇಕು ಎಂದೂ ಹೇಳಿದರು. ನನಗೆ ಅದು ನ್ಯಾಯವಾದ ಮಾತೆನಿಸಿತು. ಬಡವನಿಗೆ ಆಗಿ ಬರುವ ಮಾತು.

ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗದ ಬಸ್ಸಿನ ಕಂಡಕ್ಟರು ಫಾರಂ ಗೇಟಿಗೆ ಬಂದು ನನ್ನನ್ನು ಕರೆಸಿದ. ಪರಿಚಯದವನು. "ನಿಮ್ಮಕ್ಕನ ಮ್ಯಾಲ ಭಾನಾಮತಿ ಹೊರಿಸ್ಯಾರ. ಲಗೂನ ಹೋಗ್ರಿ" ಎಂದ.

ನಮ್ಮ ಕಡೆ ಭಾನಾಮತಿ ಎಂದರೆ ಮಾಟ. ಮನೆಯ ಮೇಲೆ ಕಲ್ಲು ಬಿದ್ದರೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತಿದರೆ, ಹೆಂಗಸೊಬ್ಬಳು ನಾಯಿಯಂತೆ ಬೊಗಳಿದರೆ, ಎಲ್ಲಕ್ಕೂ ಅದೇ ಹೆಸರು. ಮತ್ತು ಎಲ್ಲದರ ಹಿಂದೆಯೂ ಒಬ್ಬ ಹೆಂಗಸು ಬೇಕು. ಸಾಮಾನ್ಯವಾಗಿ ಗಂಡ ಸತ್ತವಳು.

ನನ್ನ ಅಕ್ಕನಿಗೆ ಗಂಡ ಸತ್ತಿದ್ದ. ಗಬ್ಬೂರಿನಿಂದ ಮುಂದೆ ಬಸ್ಸಿಳಿದು ನಡೆಯಬೇಕಾದ ಒಂದು ಹಳ್ಳಿಯಲ್ಲಿ ಇದ್ದಳು. ಆ ಊರಿನ ಹೆಸರು ಹೇಳುವುದಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅತ್ತೆಯಿಂದ ಸೂಲಗಿತ್ತಿತನ ಕಲಿತಿದ್ದಳು. ಮೇಲಿನ ಓಣಿಯವರು ಉಳಿದ ದಿನ ಅವಳನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು, ಬೇನೆ ಬಂದ ದಿನ ಮಾತ್ರ ಒಳಗೆ ಕರೆಯುತ್ತಿದ್ದರು. ಅವಳು ಅದರ ಮಾತೆತ್ತಿದವಳಲ್ಲ. ಕೂಸು ಅತ್ತ ಮೇಲೆ ಕೈ ತೊಳೆದು ಹೊರಗೆ ಬರುತ್ತಿದ್ದಳು.

ಆ ವರ್ಷ ಊರಲ್ಲಿ ಹಸುಗೂಸುಗಳು ಒಂದರ ಹಿಂದೆ ಒಂದು ಸತ್ತಿದ್ದವು. ಚೆನ್ನಾಗಿ ಹುಟ್ಟಿದ ಕೂಸು ಒಂದು ವಾರದೊಳಗೆ ಮೊಲೆ ಬಿಡುವುದು, ದವಡೆ ಕಟ್ಟಿಕೊಳ್ಳುವುದು, ಮುಟ್ಟಿದರೆ ಬಿಲ್ಲಿನ ಹಾಗೆ ಸೆಟೆಯುವುದು. ಅಂಥ ಸಾವು ಹಿಂದೆಯೂ ಇದ್ದವು. ಆದರೆ ಆ ವರ್ಷ ಜನ ಒಂದಕ್ಕೊಂದು ಸೇರಿಸಿ ನೋಡಿದರು. ಎಲ್ಲವೂ ಅಕ್ಕನ ಕೈಯಲ್ಲಿ ಹುಟ್ಟಿದವು. ನದಿಯಾಚೆಯಿಂದ ಮಂತ್ರಗಾರನೊಬ್ಬನನ್ನು ಕರೆಸಿದರು. ಬರುವ ಅಮಾವಾಸ್ಯೆಗೆ ಅವಳ ಮುಂದಿನ ಹಲ್ಲು ಕೀಳಬೇಕು ಎಂದು ಅವನು ಹೇಳಿದ್ದ. ಹಲ್ಲು ಹೋದರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲವಂತೆ.

ನಾನೂ ನನ್ನ ಹೆಂಡತಿಯೂ ಹೋದಾಗ ಅಕ್ಕ ಒಳಗಿನಿಂದ ಬಾಗಿಲಿಗೆ ಒನಕೆ ಕೊಟ್ಟುಕೊಂಡು ಕೂತಿದ್ದಳು. ನನ್ನ ದನಿ ಕೇಳಿ ತೆಗೆದಳು.

"ಊಟ ಮಾಡೀಯೇನಕ್ಕ?"

"ಯಾರರ ನೀರ ಸೇದಾಕ ಬಿಟ್ಟ್ರ ಅಲ್ಲ ಊಟ" ಎಂದಳು.

ಗೌಡರ ಕಟ್ಟೆಗೆ ಹೋದೆ. ಕೂಸು ಕಳೆದುಕೊಂಡಿದ್ದ ಒಬ್ಬ ತಂದೆಯೂ ಅಲ್ಲಿದ್ದ. ಪ್ರಾಯದ ಗಂಡಸು, ಕಣ್ಣು ಕೆಂಪಾಗಿದ್ದವು. ಗೌಡರು ಮೆಲ್ಲಗೆ ಹೇಳಿದರು, "ನೀ ಪ್ಯಾಟ್ಯಾಗ ಇರಾಂವ. ನಾವು ಇಲ್ಲಿ ಕಣ್ಣೀಲೆ ನೋಡೀವಿ. ಆಕಿ ಕಡೆ ಏನೋ ಅದ."

ಏನೋ ಅದ. ಫಾರಂನಲ್ಲಿ ನಾನು ಇಟ್ಟ ಹೆಸರು ಅದು. ಇಲ್ಲಿ ಅದೇ ಕಟ್ಟೆಯ ಮೇಲೆ ಕೂತುಬಿಟ್ಟಿತ್ತು, ಏನಿಲ್ಲಕ್ಕೆ ಅಂಗಳದಲ್ಲೂ ಜಾಗ ಇರಲಿಲ್ಲ.

"ಸತ್ತ ಕೂಸೆಲ್ಲಾ ನಮ್ಮಕ್ಕನ ಕೈಯಾಗ ಹುಟ್ಟ್ಯಾವ ಅಂತೀರಿ, ಖರೆ" ಎಂದೆ. "ಬದುಕಿದವು ಯಾರ ಕೈಯಾಗ ಹುಟ್ಟ್ಯಾವ್ರಿ? ನಿಮ್ಮ ಮೊಮ್ಮಗ ಅಲ್ಲಿ ಆಡಾಕತ್ತಾನಲ್ಲ, ಅವನ ಹೊಕ್ಕಳ ಯಾರು ಕೊಯ್ದಾರ?"

ಗೌಡರು ಮೊಮ್ಮಗನ ಕಡೆ ನೋಡಿದರು.

"ಆಕಿ ಕೈಯಿಂದ ಏನಿಲ್ಲ ಅಂತ ಮೊದಲ ಹಿಡೀರಿ. ಅಮಾಸಿತನಕ ನನಗ ಬಿಡ್ರಿ. ಮನಿ ಮನಿ ಕೇಳಿ ಬರ್ತೀನಿ. ಏನಿಲ್ಲ ಅಂತ ತೋರಸ್ತೀನಿ."

ಕೂಸು ಕಳೆದುಕೊಂಡವನು, "ತೋರಸಪಾ, ನೋಡೂಣು" ಎಂದ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ತೋರಿಸಿದರೆ ನಂಬುವವನ ಹಾಗೆ ಕೇಳಿದ.

ಹೆರಿಗೆಯ ಸುದ್ದಿಯನ್ನು ಹೆಂಗಸರು ಗಂಡಸಿನ ಮುಂದೆ ಹೇಳುವುದಿಲ್ಲ. ಒಳಗೆ ಹೋಗಿ ಕೇಳಿದವಳು ನನ್ನ ಹೆಂಡತಿ. ನಾನು ಹೊರಗೆ ನಿಂತು ಎಮ್ಮೆಗಳ ಮುಖ ನೋಡುತ್ತಿದ್ದೆ. ಮೊದಲ ಓಣಿ ಮುಗಿದಾಗ ನನಗೆ ಗೆದ್ದಂತೆಯೇ ಅನಿಸಿತ್ತು. ಅಕ್ಕನ ಕೈಯಲ್ಲಿ ಹುಟ್ಟಿ ಬದುಕಿದವರು ಓಣಿ ತುಂಬ ಓಡಾಡುತ್ತಿದ್ದರು. ಸತ್ತವು ಅವುಗಳ ಮುಂದೆ ಕೆಲವೇ. ಇದು ಅಕಸ್ಮಾತ್ತು, ಎಲ್ಲ ಊರಲ್ಲೂ ಇಷ್ಟು ಸಾಯುತ್ತವೆ ಎಂದುಕೊಂಡೆ.

ಎರಡನೆಯ ಓಣಿಯಿಂದ ಹೊರಗೆ ಬಂದ ಹೆಂಡತಿಯ ಮುಖ ಬೇರೆಯೇ ಆಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಓಣಿಯಲ್ಲಿ ಮಾನ್ವಿ ಕಡೆಯಿಂದ ಬಂದ ಸೊಸೆಯರು ಇದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಹೋಗಿದ್ದರು. ತವರಿನವರು ಮಾನ್ವಿಯ ದವಾಖಾನೆಗೆ ಸೇರಿಸಿದ್ದರು. ಎರಡನೆಯದು, ಮೂರನೆಯದು ಗಂಡನ ಮನೆಯಲ್ಲಿ, ಅಕ್ಕನ ಕೈಯಲ್ಲಿ.

"ಮೊದಲನೇವು ಯಾವೂ ಸೆಟದಿಲ್ಲ" ಎಂದಳು. "ಸೆಟದದ್ದೆಲ್ಲಾ ಇಲ್ಲಿ ಹುಟ್ಟಿದವು. ಅದೇ ತಾಯಿ, ಅದೇ ಅಡಗಿ, ಅದೇ ಮನಿ."

ನಾನು ಏನಾದರೂ ಹೇಳಬೇಕಿತ್ತು. "ಅಷ್ಟಕ್ಕ ಏನಾತು" ಎಂದೆ.

"ನಮ್ಮ ಮೊದಲನೇದು ಎಲ್ಲಿ ಹುಟ್ಟಿತ್ತ್ರಿ?" ಎಂದಳು.

ನನ್ನ ಹೆಂಡತಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಅದಕ್ಕೆ ಚೊಚ್ಚಲಿಗೆ ಅಕ್ಕನ ಮನೆಗೇ ಕಳಿಸಿದ್ದೆ. ಗಂಡು ಕೂಸು. ವಾರ ತುಂಬುವ ಮೊದಲೇ ಹೋಯಿತು. ಮುಂದಿನವು ರಾಯಚೂರಿನ ದವಾಖಾನೆಯಲ್ಲಿ ಆದವು, ಬದುಕಿದವು. ಇಷ್ಟು ವರ್ಷ ನಾವಿಬ್ಬರೂ ಆ ಕೂಸಿನ ಮಾತೆತ್ತಿರಲಿಲ್ಲ.

ರಾಯಚೂರಿಗೆ ಬಂದು ಸಾಹೇಬರ ಮುಂದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಹೊಲದ ತುಂಡಲ್ಲ. ಯಾವ ಕೂಸು ಎಲ್ಲಿ ಹುಟ್ಟಬೇಕು ಅಂತ ಚೀಟಿ ಎತ್ತಿ ಹಂಚಿಲ್ಲ. ಅದಕ್ಕೆ ನಾನು ಗಟ್ಟಿಯಾಗಿ ಹೇಳಲಾರೆ. ಆದರೆ ನೀವು ಹೇಳೋ ಪ್ರಕಾರ, ಏನಿಲ್ಲ ಅಂತ ಹಿಡಿದು ಕೂರೋದು ಕಷ್ಟ."

"ಅಂದ್ರ ಅವರು ಅಂದದ್ದು ಖರೇನ್ರಿ?"

"ಯಾರು ಹೇಳಿದ್ದು? ಏನಿಲ್ಲ ಇಳೀತು, ಅಷ್ಟೇ. ಏನೋ ಇದೆ. ಆ ಏನೋ ಏನು ಅಂತ ನನ್ನ ಲೆಕ್ಕ ಹೇಳಲ್ಲ. ಗೊಬ್ಬರದ ತುಂಡು ಎತ್ತರ ಬಂದರೆ ಗೊಬ್ಬರ ಹೊತ್ತವನ ಕಾಲ್ಗುಣ ಅಂತಲೂ ಅನ್ನಬಹುದಲ್ಲ? ಅದನ್ನ ಬೇರೆ ಕಡೆ ಹುಡುಕಬೇಕು."

ನಾನು ಹೊರಡುವಾಗ, "ಹೇಳೋದಾದರೆ ಹುಷಾರಾಗಿ ಹೇಳಿ" ಎಂದರು. ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮಾನ್ವಿಯ ದವಾಖಾನೆಯಲ್ಲಿ ನನ್ನ ಹೆಂಡತಿಯ ಅಕ್ಕ ಆಯಾ ಆಗಿದ್ದಳು. ಮರುದಿನವೇ ಹೋದೆವು. ಕೇಳಿದ ಕೂಡಲೇ ಅವಳು ನಮ್ಮನ್ನೇ ಕೇಳಿದಳು, "ನಿಮ್ಮಕ್ಕ ಹೊಕ್ಕಳಬಳ್ಳಿ ಏನೀಲೆ ಕೊಯ್ತಾಳ?"

"ಕುಡಗೋಲೀಲೆ. ಅದಕ್ಕಂತ ಒಂದು ಬ್ಯಾರೇ ಇಟ್ಟಾಳ. ಅವರತ್ತಿ ಕಾಲದ್ದು."

"ಮ್ಯಾಲ ಏನು ಹಚ್ಚತಾಳ?"

"ಸಗಣಿ ಕುಳ್ಳಿನ ಬೂದಿ" ಎಂದಳು ನನ್ನ ಹೆಂಡತಿ.

ಆಯಾ ಸುಮ್ಮನೆ ತಲೆ ಆಡಿಸಿದಳು. "ಧನುರ್ವಾಯು. ಸಗಣ್ಯಾಗ, ಮಣ್ಣಾಗ ಇರ್ತದ. ಹಸೀ ಹೊಕ್ಕಳದಾಗ ಹೋಗ್ತದ. ಇಲ್ಲಿ ಬ್ಲೇಡ್ ಕುದಸ್ತಾರ, ಬಸರ್ಯಾರಿಗೆ ಸೂಜಿ ಹಾಕ್ತಾರ. ನಿಮ್ಮಕ್ಕ ಒಬ್ಬಾಕೀನೇ ಅಲ್ಲ, ನಮ್ಮ ತವರೂರು ಕುರ್ಡಿ ಕಡೆ ಮುದುಕ್ಯಾರೂ ಹಂಗೇ ಮಾಡತಿದ್ರು. ಎಲ್ಲಾ ಕೂಸಿಗೂ ಬರಂಗಿಲ್ಲ. ಬಂದದ್ದು ಉಳಿಯಂಗಿಲ್ಲ."

"ನಮ್ಮದಕ್ಕೂ ಬೂದೀನೇ ಹಚ್ಚಿದ್ಲು" ಎಂದಳು ನನ್ನ ಹೆಂಡತಿ.

ಅಮಾವಾಸ್ಯೆಯ ಹಿಂದಿನ ದಿನ ಅಕ್ಕನ ಮನೆಗೆ ಬಂದು ಅವಳಿಗೆ ಹೇಳಿದೆ. ಮಾತು ಮುಗಿಯುವ ತನಕ ಅವಳು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ.

"ನನ್ನ ಕುಡಗೋಲ ನಾ ದಿನಾ ತೊಳೀತೀನಿ" ಎಂದಳು.

"ತೊಳದ್ರ ಹೋಗಂಗಿಲ್ಲಂತಕ್ಕ."

"ಬೂದಿ ಸ್ವಚ್ಛ ಇರ್ತದ. ಬೂದಿಗಿಂತ ಸ್ವಚ್ಛ ಯಾವುದದ?" ಆಮೇಲೆ ಮೊರ ಕೆಳಗಿಟ್ಟಳು. "ತಮ್ಮಾ, ಊರವ್ರು ನನಗ ಭಾನಾಮತಿ ಅಂದ್ರು. ಅದು ಸುಳ್ಳಂತ ನನಗ ಗೊತ್ತದ, ಅದಕ್ಕ ರಾತ್ರಿ ನಿದ್ದಿ ಬರ್ತಿತ್ತು. ನೀ ಹೇಳಿದ್ದು ಸುಳ್ಳಂತ ಹೆಂಗ ತಿಳ್ಕೊಳ್ಳಲಿ? ಯಾವುದು ಚಲೋ ಹೇಳು."



ನಾಳೆ ಕಟ್ಟೆಯಲ್ಲಿ ಏನು ಹೇಳುವುದು ಎಂದು ಹೆಂಡತಿ ಕೇಳಿದಳು. ಏನಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳಿ ಅಕ್ಕನ ಹಲ್ಲು ಉಳಿಸಿಕೊಳ್ಳಬಹುದಿತ್ತು, ಅವರು ನಂಬಿದ್ದರೆ. ಆದರೆ ಊರಲ್ಲಿ ಇನ್ನೂ ಬಸುರಿಯರು ಇದ್ದರು. ಸೊಟ್ಟ ಸಾಲು ಹೊಡೆದು ಅದನ್ನು ನೆಟ್ಟಗಿದೆ ಎಂದು ಹೇಳಿ ನನಗೆ ರೂಢಿಯಿಲ್ಲ.

ಕಟ್ಟೆಯ ಸುತ್ತ ಊರೇ ಸೇರಿತ್ತು. ಮಂತ್ರಗಾರ ಹೊಸ ರುಮಾಲು ಸುತ್ತಿಕೊಂಡು ಗೌಡರ ಪಕ್ಕದಲ್ಲಿ ಕೂತಿದ್ದ. ನಾನು ನಿಂತು ಹೇಳಿದೆ, "ಮನಿ ಮನಿ ಕೇಳೀವಿ. ಭಾನಾಮತಿ ಇಲ್ಲ. ಆದ್ರ ಕೂಸು ಸಾಯೂದು ಬರೇ ದೈವಾನೂ ಅಲ್ಲ. ಕುಡಗೋಲಿನಾಗ, ಬೂದ್ಯಾಗ ರೋಗ ಅದ. ಬ್ಲೇಡ್ ಕುದಸಬೇಕು, ಬೂದಿ ಹಚ್ಚಬಾರದು, ಬಸರ್ಯಾರಿಗೆ ದೇವದುರ್ಗದಾಗ ಸೂಜಿ ಹಾಕಿಸಬೇಕು. ಇಷ್ಟು ಮಾಡಿದ್ರ…"

ಮುಗಿಸಲು ಬಿಡಲಿಲ್ಲ. ಮಂತ್ರಗಾರ ಎದ್ದು ನಿಂತ. "ಕೇಳಿದ್ರಿಲ್ಲೋ? ಒಡಹುಟ್ಟಿದಾಂವನೇ ಒಪ್ಪಿದ. ಕುಡಗೋಲಿನಾಗ ಅದ ಅಂತ!"

"ಮಾಟ ಅಲ್ಲಪಾ. ರೋಗ."

"ಆತು, ರೋಗ. ಆ ರೋಗ ಅದರಾಗ ಇಟ್ಟವ್ರ್ಯಾರು?"

ಜನ ಹೋ ಎಂದರು. ಕೂಸು ಕಳೆದುಕೊಂಡಿದ್ದವನು ಜನರನ್ನು ಸರಿಸಿ ನನ್ನ ಮುಂದೆ ಬಂದ. "ಏನಿಲ್ಲ ಅಂತ ತೋರಸ್ತೀನಿ ಅಂದಿದ್ದಿ. ಈಗ ಏನೋ ಅದ ಅಂತಿ. ಮತ್ತ ನಾವೇನು ಅಂದಿದ್ವಿ?"

ಆಗ ನನಗೆ ಅರ್ಥವಾಯಿತು. ಏನಿಲ್ಲವನ್ನು ನಾನು ಕಟ್ಟೆಯಿಂದ ಇಳಿಸಿದೆ, ಇಳಿಸಿದ ಕೂಡಲೇ ಆ ಖಾಲಿ ಜಾಗದಲ್ಲಿ ಭಾನಾಮತಿ ಕೂತಿತು. ಅವರಿಗೆ ಎರಡೇ ಮಾತು ಗೊತ್ತಿದ್ದವು. ಒಂದು ಅಲ್ಲವಾದರೆ ಇನ್ನೊಂದು. ಏನೋ ಎಂಬುದರೊಳಗೆ ನೂರು ಇರಬಹುದು ಎಂಬುದನ್ನು ಸಾಹೇಬರು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು. ನಾನು ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಅದು ಯಾರ ಕಿವಿಗೂ ಹೋಗಲಿಲ್ಲ.

ಇಕ್ಕಳ ಹಿಡಿದವನೊಬ್ಬ ಅಕ್ಕನ ಮನೆಯ ಕಡೆ ಹೊರಟಾಗ ನಾನು ಅಡ್ಡ ನಿಂತೆ. "ಹಲ್ಲಿಗೆ ಕೈ ಹಚ್ಚಿದ್ರ ಈಗಿಂದೀಗ ದೇವದುರ್ಗದ ಠಾಣಾಕ್ಕ ಹೋಗ್ತೀನಿ. ಗೌಡ್ರ, ಮೊದಲ ನಿಮ್ಮ ಹೆಸರೇ ಬರಸ್ತೀನಿ." ಗೌಡರು ಇಕ್ಕಳದವನನ್ನು ಹಿಂದಕ್ಕೆ ಕರೆದರು. ಕೊನೆಗೆ, ಕುಡುಗೋಲನ್ನು ಹಳ್ಳಕ್ಕೆ ಎಸೆಯಬೇಕು, ಹೊತ್ತು ಮುಳುಗುವುದರೊಳಗೆ ಅಕ್ಕ ಊರು ಬಿಡಬೇಕು ಎಂದರು.

ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಗಂಟು. ಅವಳು ಹುಟ್ಟಿಸಿದ ಮಕ್ಕಳು ಓಣಿಯ ಉದ್ದಕ್ಕೂ ತಾಯಂದಿರ ಹಿಂದೆ ನಿಂತು ನೋಡುತ್ತಿದ್ದವು. ಯಾರೂ ಕಲ್ಲು ಎಸೆಯಲಿಲ್ಲ, ಯಾರೂ ನೀರು ಬೇಕೇ ಎಂದು ಕೇಳಲೂ ಇಲ್ಲ.

ರಾಯಚೂರಿನಲ್ಲಿ ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಅಕ್ಕ ಉಳಿದಳು. ಕೆಲಸಕ್ಕೆ ಮೈಗಳ್ಳತನ ಮಾಡಲಿಲ್ಲ, ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಕೂಲಿಗೆ ಹೋದಳು. ನನ್ನೊಡನೆ ಮಾತು ಕಡಿಮೆಯಾಯಿತು. ನನ್ನ ಹೆಂಡತಿಯ ಮುಖ ನೋಡಿ ಮಾತಾಡುವುದನ್ನಂತೂ ಬಿಟ್ಟೇಬಿಟ್ಟಳು. ನಮ್ಮ ಕೂಸೂ ಅದರಿಂದಲೇ ಹೋಯಿತು ಎಂದು ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಊರಿನ ಸುದ್ದಿ ಕಂಡಕ್ಟರ್‌ನಿಂದ ಬರುತ್ತಿತ್ತು. ಹೊಸ ಸೂಲಗಿತ್ತಿ ಬಂದಿದ್ದಳು. ಹೊಸ ಕುಡುಗೋಲು, ಅದೇ ಬೂದಿ. ಕೂಸುಗಳು ಸಾಯುವುದು ನಿಂತಿರಲಿಲ್ಲ. ಅಕ್ಕ ರಾಯಚೂರಿನಿಂದಲೇ ಕಳಿಸುತ್ತಾಳೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರಂತೆ.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಮಧ್ಯಾಹ್ನ ಬಾಗಿಲಲ್ಲಿ ತುಂಬಿದ ಬಸುರಿಯೊಬ್ಬಳು, ಹಿಂದೆ ಅವಳ ಗಂಡ. ಕಟ್ಟೆಯಲ್ಲಿ ನನ್ನ ಮುಂದೆ ಬಂದು ನಿಂತಿದ್ದ ಅವನೇ. ಅಷ್ಟರಲ್ಲಿ ಅವರಿಗೆ ಇನ್ನೊಂದು ಕೂಸೂ ಹೋಗಿತ್ತು. ಆ ಹೆಂಗಸು ಅಕ್ಕನ ಕಾಲು ಹಿಡಿದುಕೊಂಡಳು.

"ಯವ್ವಾ, ನೀ ಹಾಕಿದ್ದನ್ನ ನೀನೇ ತಗೀಬೇಕು. ಇದೊಂದು ಉಳಸಿಕೊಡು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ಸೀರೆ ಸರಿಮಾಡಿಕೊಂಡು, "ನಡಿ" ಎಂದಷ್ಟೇ ಹೇಳಿ ಸೈಕಲ್ ರಿಕ್ಷಾ ಕರೆಸಿದಳು. ರಿಕ್ಷಾ ದೊಡ್ಡ ದವಾಖಾನೆಗೆ ಹೋಯಿತು. ನೋವು ಎರಡು ದಿನ ಬಿಟ್ಟು ಬಂತು. ಅಲ್ಲಿಯ ತನಕ ಅಕ್ಕ ವರಾಂಡದಲ್ಲೇ ಮಲಗಿದಳು. ಹೆರಿಗೆಯ ಹೊತ್ತಿಗೆ ನರ್ಸಮ್ಮ, "ನೀವು ತಿಳಿದವ್ರು, ಒಳಗ ಬರ್ರಿ ಯವ್ವಾ" ಎಂದು ಕರೆದರೂ ಅವಳು ಹೊಸ್ತಿಲು ದಾಟಲಿಲ್ಲ. ಎಲ್ಲ ಮುಗಿದ ಮೇಲೆ ಮಾತ್ರ, ಹೊಕ್ಕಳು ಕೊಯ್ದದ್ದು ಯಾವುದರಿಂದ, ತೋರಿಸಿ ಎಂದು ಕೇಳಿದಳು. ನರ್ಸಮ್ಮ ತಟ್ಟೆ ತಂದು ತೋರಿಸಿದರು. ಕುದಿಸಿದ ಒಂದು ಬ್ಲೇಡು, ಒಂದು ತುಂಡು ದಾರ.

"ಇಷ್ಟೇನ?" ಎಂದಳು ಅಕ್ಕ.

"ಇಷ್ಟೇ ಯವ್ವಾ" ಎಂದರು ಅವರು.

ಅವಳು ಹೊರಗೆ ನಲ್ಲಿಯ ಹತ್ತಿರ ಹೋಗಿ ತುಂಬ ಹೊತ್ತು ಕೂತಿದ್ದಳು. ನಾನು ಹತ್ತಿರ ಹೋಗಲಿಲ್ಲ.

ಕೂಸು ವಾರ ದಾಟಿತು. ಮೊಲೆ ಬಿಡಲಿಲ್ಲ. ಊರಿಗೆ ಹೊರಡುವ ದಿನ ಗಂಡ ಹೆಂಡತಿ ಇಬ್ಬರೂ ನಮ್ಮ ಬಾಗಿಲಿಗೆ ಬಂದು ಅಕ್ಕನ ಕಾಲಿಗೆ ಬಿದ್ದರು. "ತಗದಿ ಯವ್ವಾ, ತಗದಿ" ಎಂದು ಅವನು ಅತ್ತ. ನಾನು ಮುಂದೆ ಬಂದೆ. ಬ್ಲೇಡಿನದು, ಸೂಜಿಯದು, ಎಲ್ಲ ಮತ್ತೊಮ್ಮೆ ತಿಳಿಸಿ ಹೇಳಬೇಕು ಎಂದುಕೊಂಡೆ.

ಅಕ್ಕ ನನಗಿಂತ ಮೊದಲೇ ಮಾತಾಡಿದಳು. ಅಂಥ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ.

"ಹೌದು, ತಗದೀನಿ. ಊರಾಗ ಎಲ್ಲಾರಿಗೂ ಹೇಳು. ಬಸರಾದಾಕಿ ಸೂಜಿ ಹಾಕಿಸಿಕೊಳ್ಳದಿದ್ರ, ಬ್ಯಾನಿ ಬಂದಾಗ ದವಾಖಾನಿಗೆ ಹೋಗದಿದ್ರ, ಮತ್ತ ಹಾಕ್ತೀನಿ. ಯಾರನ್ನೂ ಬಿಡಂಗಿಲ್ಲ."

ಅವನು ಹೆದರಿ ಕೂಸನ್ನು ಎದೆಗೆ ಒತ್ತಿಕೊಂಡ. ಹೂಂ ಯವ್ವಾ, ಹೂಂ ಯವ್ವಾ ಎನ್ನುತ್ತ ಹಿಂದೆ ಹಿಂದೆಯೇ ಸರಿದು ಮೆಟ್ಟಿಲು ಇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ.

ಆಮೇಲಿನ ವರ್ಷಗಳಲ್ಲಿ ಆ ಊರಿನ ಬಸುರಿಯರು ದೇವದುರ್ಗಕ್ಕೆ, ಕೆಲವರು ರಾಯಚೂರಿಗೂ ಬರತೊಡಗಿದರು. ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ಹತ್ತಿರದ ದಾರಿ ನಮ್ಮ ಓಣಿಯ ಮೇಲೆಯೇ ಹೋಗುತ್ತದೆ. ಅವರು ಹೊಟ್ಟೆ ಹೊತ್ತುಕೊಂಡು, ಆ ಬಿಸಿಲಲ್ಲಿ, ಅಕ್ಕನ ಬಾಗಿಲು ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದರು.